ಗೋಯ್ಡರ್ ಗೆರೆ: ಮಳೆಯ ಲೆಕ್ಕ ಇಟ್ಟುಕೊಂಡಿದ್ದ ಉಪ್ಪುಗಿಡದ ಕಥೆ

(ಪಾಡ್‌ಕಾಸ್ಟ್‌ನ ಬರಹ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರು ಒಂದು ಕೆಲಸ ಮಾಡಿ. ಕೇಳಿ ಮುಗಿದ ಮೇಲೆ ಮೊಬೈಲ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಪ್ ತೆಗೆದು, ಅಡಿಲೇಡ್ ನಗರದಿಂದ ಉತ್ತರಕ್ಕೆ ಬೆರಳು ಎಳ್ಕೊಂಡು ಹೋಗಿ. ಸ್ಯಾಟಲೈಟ್ ವ್ಯೂ ಹಾಕಿದ್ರೆ ಮೊದಲು ಚೌಕ ಚೌಕವಾದ ಗೋಧಿ ಹೊಲಗಳು ಕಾಣಿಸುತ್ತವೆ. ಇನ್ನೂ ಸ್ವಲ್ಪ ಮೇಲೆ ಹೋದರೆ ಹೊಲಗಳು ವಿರಳವಾಗುತ್ತವೆ, ಆಮೇಲೆ ಬರೀ ಕಂದು-ಕೆಂಪು ನೆಲ. ಈ ಬದಲಾವಣೆ ಆಗುವ ಜಾಗಕ್ಕೆ ಒಂದು ಹೆಸರಿದೆ: ಗೋಯ್ಡರ್ ಲೈನ್. ನಾವು ಗೋಯ್ಡರ್ ಗೆರೆ ಅನ್ನೋಣ.

ಈ ಗೆರೆ ಎಳೆದದ್ದು 1865ರಲ್ಲಿ. ಆಗ ಉಪಗ್ರಹ ಇರಲಿಲ್ಲ. ಆ ಸೀಮೆಯಲ್ಲಿ ಮಳೆಮಾಪಕಗಳೂ ಹೆಚ್ಚುಕಡಿಮೆ ಇಲ್ಲ ಅನ್ನುವಷ್ಟು ಕಡಿಮೆ. ಕುದುರೆ ಮೇಲೆ ಕೂತ ಒಬ್ಬ ಮನುಷ್ಯ ನೆಲದಲ್ಲಿ ಬೆಳೆದ ಗಿಡಗಳನ್ನ ನೋಡ್ತಾ ಹೋಗಿ ಎಳೆದ ಗೆರೆ ಇದು. ಅವನು ಮುಖ್ಯವಾಗಿ ನೋಡಿದ ಗಿಡದ ಹೆಸರು ಸಾಲ್ಟ್‌ಬುಷ್, ಅಂದರೆ ಉಪ್ಪುಗಿಡ. ಆ ಗಿಡ ಏನು ಹೇಳ್ತಾ ಇತ್ತು, ಸರ್ಕಾರ ಅದನ್ನ ಯಾಕೆ ಕೇಳಲಿಲ್ಲ, ಕೇಳದೆ ಹೋದದ್ದಕ್ಕೆ ಯಾರು ಬೆಲೆ ಕಟ್ಟಿದರು, ಇದೇ ಇವತ್ತಿನ ಕಥೆ.

ಒಬ್ಬ ಸರ್ವೇಯರ್, ಒಂದು ಹಳೇ ಪೆಟ್ಟು

ಜಾರ್ಜ್ ಗೋಯ್ಡರ್ ಹುಟ್ಟಿದ್ದು 1826ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ದಕ್ಷಿಣ ಆಸ್ಟ್ರೇಲಿಯಾ ಅನ್ನೋ ಬ್ರಿಟಿಷ್ ವಸಾಹತು ಶುರುವಾದದ್ದು 1836ರಲ್ಲಿ. ಹಾಗಾಗಿ ಅವನು ಅಲ್ಲಿಗೆ ಹೋದಾಗ ಭೂಮಿ ಅಳೆಯೋದೇ ಅಲ್ಲಿನ ಸರ್ಕಾರದ ದೊಡ್ಡ ಕೆಲಸ. 1861ರಲ್ಲಿ ಅವನು ಸರ್ವೇಯರ್ ಜನರಲ್ ಆದ. 1894ರವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಹುದ್ದೆ. ಆಳು ಗಿಡ್ಡ, ಕೆಲಸದಲ್ಲಿ ಮಾತ್ರ ಬಿರುಗಾಳಿ. ಜನ ಅವನನ್ನ 'ಲಿಟಲ್ ಎನರ್ಜಿ' ಅಂತಲೇ ಕರೀತಿದ್ದರು.

ಆದರೆ ಅವನ ವೃತ್ತಿಯ ಆರಂಭದಲ್ಲೇ ಒಂದು ದೊಡ್ಡ ಮುಖಭಂಗ ಆಗಿತ್ತು. 1857ರಲ್ಲಿ ಅವನನ್ನ ಉತ್ತರದ ಒಣಸೀಮೆ ನೋಡಿಕೊಂಡು ಬರೋಕೆ ಕಳಿಸಿದ್ದರು. ಅವನು ಹೋದ ಸಮಯಕ್ಕೆ ಮಳೆ ಬಿದ್ದು ಎಲ್ಲೆಲ್ಲೂ ಹಸಿರು. ಉಪ್ಪಿನ ಸರೋವರದ ಜಾಗದಲ್ಲಿ ಸಿಹಿನೀರು ಕಂಡಿತು. ಮರೀಚಿಕೆ ಬೇರೆ ಸೇರಿಕೊಂಡು, ದೂರದ ದಿಬ್ಬಗಳೆಲ್ಲ ದೊಡ್ಡ ಬೆಟ್ಟಗಳ ಹಾಗೆ ಕಂಡವು. ಅದ್ಭುತ ಸೀಮೆ ಅಂತ ವರದಿ ಕೊಟ್ಟ. ಅಡಿಲೇಡ್‌ನಲ್ಲಿ ಜನಕ್ಕೆ ಖುಷಿಯೋ ಖುಷಿ. ಕೆಲವೇ ತಿಂಗಳಲ್ಲಿ ಅವನ ಮೇಲಧಿಕಾರಿ ಆರ್ಥರ್ ಫ್ರೀಲಿಂಗ್ ದೋಣಿ ಸಮೇತ ಅಲ್ಲಿಗೆ ಹೋದರು. ನೀರು ಹಿಂದೆ ಸರಿದಿತ್ತು. ದೋಣಿ ತೇಲಿಸೋಣ ಅಂದರೆ ಉಳಿದಿದ್ದು ಕೆಸರು.

ಒಂದು ಒಳ್ಳೇ ವರ್ಷವನ್ನ ನೋಡಿ ನೆಲದ ಬಗ್ಗೆ ತೀರ್ಪು ಕೊಟ್ಟರೆ ಏನಾಗುತ್ತೆ ಅನ್ನೋ ಪಾಠ ಅವನಿಗೆ ಹೀಗೆ ಸಿಕ್ಕಿತು. ಎಂಟು ವರ್ಷದ ನಂತರ ಅವನು ಕೆಲಸ ಮಾಡಿದ ರೀತಿ ನೋಡಿದರೆ ಆ ಪಾಠ ಅವನು ಮರೆತಿರಲಿಲ್ಲ ಅಂತ ಅನ್ನಿಸುತ್ತೆ.

1863ರಿಂದ 1866ರವರೆಗೆ ಭೀಕರ ಬರ. ಉತ್ತರದಲ್ಲಿ ಸಾವಿರಾರು ಎಕರೆ ಗುತ್ತಿಗೆ ಹಿಡಿದು ಕುರಿ ಸಾಕುತ್ತಿದ್ದ ದೊಡ್ಡ ಕುಳಗಳ ಹಿಂಡುಗಳು ನೆಲಕಚ್ಚಿದವು. ಗುತ್ತಿಗೆ ಹಣದಲ್ಲಿ ರಿಯಾಯಿತಿ ಬೇಕು ಅಂತ ಅವರು ಕೇಳಿದರು. ಹಾಗಾದರೆ ಬರ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು? ಅದನ್ನ ಗುರುತು ಮಾಡಿಕೊಂಡು ಬಾ ಅಂತ ಸರ್ಕಾರ ಗೋಯ್ಡರ್‌ಗೆ ಹೇಳಿತು. 1865ರ ನವೆಂಬರ್‌ನಲ್ಲಿ ಹೊರಟ. ಒಟ್ಟು ಸುಮಾರು 3,200 ಕಿಲೋಮೀಟರ್ ಕುದುರೆ ಮೇಲೆ ಸುತ್ತಿದ. ಡಿಸೆಂಬರ್ ಹೊತ್ತಿಗೆ ವರದಿ ಸಿದ್ಧ.

ಅವನ ಸೂತ್ರ ಸರಳ. ದಕ್ಷಿಣದಲ್ಲಿ 'ಮ್ಯಾಲಿ' ಅಂತ ಕರೆಯುವ ಕುರುಚಲು ನೀಲಗಿರಿ ಮರಗಳು, ಒಂದೇ ಬುಡದಿಂದ ಹತ್ತಾರು ಕಾಂಡ ಎದ್ದಿರುತ್ತವೆ. ಉತ್ತರಕ್ಕೆ ಹೋಗ್ತಾ ಹೋಗ್ತಾ ಮ್ಯಾಲಿ ಮುಗಿದು ಮೊಣಕಾಲುದ್ದದ ಬೂದು-ನೀಲಿ ಪೊದೆಗಳು ಶುರುವಾಗುತ್ತವೆ: ಉಪ್ಪುಗಿಡ, ಅದರ ಸಂಬಂಧಿ ಬ್ಲೂಬುಷ್. ಎಲ್ಲಿ ಮ್ಯಾಲಿ ನಿಂತು ಉಪ್ಪುಗಿಡ ಶುರುವಾಗುತ್ತೋ ಅಲ್ಲಿ ಗೆರೆ. ಗೆರೆಯಿಂದ ದಕ್ಷಿಣಕ್ಕೆ ಮಳೆಯನ್ನ ನಂಬಬಹುದು, ಉತ್ತರಕ್ಕೆ ನಂಬೋಹಾಗಿಲ್ಲ.

ನಂತರ ಮಳೆಯ ಅಂಕಿಅಂಶ ಸಂಗ್ರಹವಾದ ಮೇಲೆ ನೋಡಿದರೆ ಈ ಗೆರೆ ವರ್ಷಕ್ಕೆ ಸುಮಾರು 250ರಿಂದ 300 ಮಿಲಿಮೀಟರ್ ಮಳೆ ಬೀಳುವ ಗಡಿಗೆ ಹತ್ತಿರದಲ್ಲೇ ಇತ್ತು. ನಮಗೆ ಅಂದಾಜು ಸಿಗಲಿ ಅಂತ ಹೇಳೋದಾದರೆ, ಬೆಂಗಳೂರಿನಲ್ಲಿ ಒಂದು ವರ್ಷ ಬೀಳುವ ಮಳೆಯ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಗಿಡಕ್ಕೆ ಹೇಗೆ ಗೊತ್ತು?

ಇಲ್ಲಿ ಸ್ವಲ್ಪ ನಿಲ್ಲೋಣ. ಗಿಡ ನೋಡಿ ಮಳೆ ಹೇಳೋದು ಹೇಗೆ? ಇದಕ್ಕೆ ಉಪ್ಪುಗಿಡದ ಸಸ್ಯಶಾಸ್ತ್ರ ಸ್ವಲ್ಪ ಗೊತ್ತಿರಬೇಕು.

ಉಪ್ಪುಗಿಡಗಳ ಕುಲಕ್ಕೆ ಆಟ್ರಿಪ್ಲೆಕ್ಸ್ ಅಂತ ಹೆಸರು. ಜಗತ್ತಿನಾದ್ಯಂತ ಸುಮಾರು 250ರಿಂದ 300 ಜಾತಿಗಳಿವೆ. ಇವುಗಳ ಕುಟುಂಬ ನಮಗೆ ಅಪರಿಚಿತ ಏನಲ್ಲ. ನಮ್ಮ ಅಡುಗೆಮನೆಯ ಪಾಲಕ್, ಬೀಟ್‌ರೂಟ್, ದಂಟಿನ ಸೊಪ್ಪು, ಚಕ್ಕೋತ ಸೊಪ್ಪು ಎಲ್ಲ ಇದೇ ಬಳಗ. ಅಂದರೆ ಗೋಯ್ಡರ್ ನೋಡಿದ್ದು ಒಂಥರಾ ಮರುಭೂಮಿಗೆ ವಲಸೆ ಹೋದ ಪಾಲಕ್‌ನ ದೂರದ ನೆಂಟ.

ಇದರ ಎಲೆ ಮುಟ್ಟಿದರೆ ಹಿಟ್ಟು ಸವರಿದ ಹಾಗಿರುತ್ತೆ. ಆ ಹಿಟ್ಟೇ ಇದರ ಗುಟ್ಟು. ಎಲೆ ಮೇಲೆ ಸಾವಿರಾರು ಸಣ್ಣ ರೋಮಗಳಿರುತ್ತವೆ. ಒಂದೊಂದು ರೋಮದ ತುದಿಯಲ್ಲೂ ಒಂದು ಪುಟ್ಟ ಬಲೂನ್. ಬೇರು ಉಪ್ಪುನೀರು ಹೀರಿದಾಗ ಜಾಸ್ತಿಯಾದ ಉಪ್ಪನ್ನ ಗಿಡ ಈ ಬಲೂನ್‌ಗಳಿಗೆ ತಳ್ಳುತ್ತೆ. ಎಲೆಯ ಒಳಗಿನ ಕೆಲಸಗಾರ ಕೋಶಗಳಿಗೆ ಉಪ್ಪಿನ ಕಾಟ ಕಡಿಮೆಯಾಗುತ್ತೆ. ಬಲೂನ್ ಒಡೆದು ಒಣಗಿದ ಮೇಲೆ ಎಲೆಯ ಮೇಲೆ ಬೆಳ್ಳಿ ಬಣ್ಣದ ಪುಡಿ ಉಳಿಯುತ್ತೆ, ಅದು ಬಿಸಿಲನ್ನ ವಾಪಸ್ ಕಳಿಸುತ್ತೆ. ಕಸ ಹಾಕೋ ಜಾಗವೇ ಸನ್‌ಸ್ಕ್ರೀನ್ ಕೂಡ ಆಯಿತು ನೋಡಿ.

ಇನ್ನೊಂದು ವಿಷಯ. ಆಸ್ಟ್ರೇಲಿಯಾದ ಈ ಉಪ್ಪುಗಿಡಗಳು ನಮ್ಮ ಜೋಳ, ಕಬ್ಬಿನ ಹಾಗೆ ಸಿ4 ಅನ್ನೋ ವಿಧಾನದಲ್ಲಿ ಆಹಾರ ತಯಾರಿಸುತ್ತವೆ. ಎಲೆಯ ರಂಧ್ರಗಳನ್ನ ಜಾಸ್ತಿ ತೆರೆಯದೇ ಕಾರ್ಬನ್ ಡೈಆಕ್ಸೈಡ್ ಹಿಡಿಯೋ ಉಪಾಯ ಅದು. ಹಾಗಾಗಿ ನೀರು ಕಡಿಮೆ ಖರ್ಚು. 1957ರಲ್ಲಿ ಪೀಟರ್ ಬ್ರೌನೆಲ್ ಮತ್ತು ಜೆ.ಜಿ. ವುಡ್ ಅನ್ನೋ ವಿಜ್ಞಾನಿಗಳು ಇನ್ನೊಂದು ಆಶ್ಚರ್ಯ ತೋರಿಸಿದರು. ಸಾಮಾನ್ಯವಾಗಿ ಗಿಡಗಳಿಗೆ ಸೋಡಿಯಂ ಬೇಕೇಬೇಕು ಅಂತೇನಿಲ್ಲ. ಆದರೆ ಅವರು ಬ್ಲಾಡರ್ ಸಾಲ್ಟ್‌ಬುಷ್ ಅನ್ನೋ ಜಾತಿಯನ್ನ ಸೋಡಿಯಂ ಇಲ್ಲದ ನೀರಿನಲ್ಲಿ ಬೆಳೆಸಿದಾಗ ಅದು ಸೊರಗಿತು. ಚೂರು ಸೋಡಿಯಂ ಕೊಟ್ಟ ಕೂಡಲೇ ಚೇತರಿಸಿಕೊಂಡಿತು. ಉಪ್ಪನ್ನ ಸಹಿಸಿಕೊಳ್ಳೋ ಗಿಡ ಅಂತ ತಿಳಿದಿದ್ದರು, ಅದಕ್ಕೆ ಸ್ವಲ್ಪ ಉಪ್ಪು ಬೇಕೇ ಬೇಕು ಅಂತ ಆಮೇಲೆ ಗೊತ್ತಾಯಿತು.

ನಮ್ಮ ಕಥೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದರ ಬೀಜ. ಬೀಜವನ್ನ ಎರಡು ಪುಟ್ಟ ಎಲೆಯಂಥ ಹೊದಿಕೆಗಳು ಮುಚ್ಚಿರುತ್ತವೆ. ಆ ಹೊದಿಕೆಯಲ್ಲೂ ಉಪ್ಪು ತುಂಬಿರುತ್ತೆ. ಉಪ್ಪು ಇರೋವರೆಗೂ ಬೀಜ ಮೊಳೆಯೋದು ಕಷ್ಟ. ಒಂದು ಸಣ್ಣ ಜಡಿಮಳೆ ಬಿದ್ದರೆ ಮೇಲ್ಮಣ್ಣು ಒದ್ದೆಯಾಗುತ್ತೆ ಅಷ್ಟೇ, ಉಪ್ಪು ತೊಳೆದುಹೋಗಲ್ಲ. ಚೆನ್ನಾಗಿ ಸುರಿದು ನೆಲ ನೆನೆದಾಗ ಉಪ್ಪು ಕರಗಿ ಇಳಿದುಹೋಗುತ್ತೆ, ಆಗ ಮೊಳಕೆಗೆ ದಾರಿ. ಅಂದರೆ ಈ ಬೀಜ ಒಂದು ಸಣ್ಣ ಮಳೆಮಾಪಕ. ಎರಡು ಹನಿಗೆ ಮೋಸ ಹೋಗಲ್ಲ.

ಮೊಳೆತು ಬದುಕಿದ ಗಿಡ ಒಂದೆರಡು ವರ್ಷದ ಅತಿಥಿಯೂ ಅಲ್ಲ. ಬ್ಲಾಡರ್ ಸಾಲ್ಟ್‌ಬುಷ್ ಇಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬದುಕುತ್ತೆ. ಈಗ ಯೋಚನೆ ಮಾಡಿ. ಈ ವರ್ಷದ ಹುಲ್ಲು ನೋಡಿದರೆ ಈ ವರ್ಷದ ಮಳೆ ಗೊತ್ತಾಗುತ್ತೆ. ಒಂದು ಇಡೀ ಬಯಲು ತುಂಬಾ ಉಪ್ಪುಗಿಡ ನಿಂತಿದೆ ಅಂದರೆ, ಅದು ಎಷ್ಟೋ ದಶಕಗಳ ಬರ, ಮಳೆ ಎರಡನ್ನೂ ಕಂಡು ಉಳಿದ ಲೆಕ್ಕ. ಮ್ಯಾಲಿ ಮರ ಅಲ್ಲಿಗೆ ಬಂದು ನೆಲೆಸಿಲ್ಲ ಅನ್ನೋದೂ ಅದೇ ಲೆಕ್ಕದ ಇನ್ನೊಂದು ಸಾಲು. ಗೋಯ್ಡರ್‌ಗೆ ಸಿ4 ಗೊತ್ತಿರಲಿಲ್ಲ, ಬಲೂನ್ ರೋಮದ ವಿಚಾರವೂ ಅವನಿಗೆ ಬೇಕಿರಲಿಲ್ಲ. ಈ ಗಿಡದ ಸೀಮೆಯನ್ನ ಒಂದು ವರ್ಷದ ಹಸಿರು ಬದಲಾಯಿಸಲ್ಲ ಅನ್ನೋದು ಅವನಿಗೆ ಗೊತ್ತಿತ್ತು.

ಒಂದು ಮಾತು ಸೇರಿಸಲೇಬೇಕು. ಈ ನೆಲಕ್ಕೆ ಗೋಯ್ಡರ್ ಬರುವ ಮೊದಲೇ ಇದನ್ನ ಓದಬಲ್ಲ ಜನ ಇದ್ದರು. ಗೆರೆ ಹಾದುಹೋಗುವ ಸೀಮೆ ಙಾಡ್ಜುರಿ, ನುಕುನು ಜನರದ್ದು. ಇನ್ನೂ ಉತ್ತರದ ಫ್ಲಿಂಡರ್ಸ್ ಬೆಟ್ಟಸಾಲು ಅದ್ನ್ಯಮಥನ್ಹ ಜನರದ್ದು. ನೀರು ಎಲ್ಲಿ, ಯಾವ ಗಿಡ ಯಾವಾಗ ಅನ್ನೋ ತಿಳಿವಳಿಕೆಯ ಮೇಲೇ ಅವರ ಬದುಕು ನಿಂತಿತ್ತು. ಕುರಿ ಹಿಂಡುಗಳು ನೀರಿನ ಜಾಗ ಹಿಡಿದಾಗ ಮೊದಲು ಜಾಗ ಕಳಕೊಂಡವರು ಅವರೇ. ಗೆರೆ ಎಳೆದಾಗಲೂ ಅಳಿಸಿದಾಗಲೂ ಅವರನ್ನ ಯಾರೂ ಕೇಳಲಿಲ್ಲ.

ನೇಗಿಲ ಹಿಂದೆ ಮಳೆ ಬರುತ್ತಾ?

1869ರಲ್ಲಿ ಹೊಸ ಕಾನೂನು ಬಂತು. ಸಣ್ಣ ರೈತರು ಸರ್ಕಾರದಿಂದ ಸಾಲದ ಮೇಲೆ ಜಮೀನು ಕೊಳ್ಳಬಹುದು. 1872ರಲ್ಲಿ ಇನ್ನೊಂದು ಕಾನೂನು ಬಂದು, ಹೀಗೆ ಸಾಲದ ಮೇಲೆ ಮಾರೋದು ಗೋಯ್ಡರ್ ಗೆರೆಯ ದಕ್ಷಿಣಕ್ಕೆ ಮಾತ್ರ ಅಂತ ಹೇಳಿತು. ಬರ ಎಲ್ಲಿಯವರೆಗೆ ಬಂತು ಅಂತ ಗುರುತಿಸೋಕೆ ಎಳೆದ ಗೆರೆ ಈಗ ವ್ಯವಸಾಯದ ಗಡಿ ಆಯಿತು.

ಆಮೇಲೆ ಏನಾಯಿತು ಗೊತ್ತಾ? ಮಳೆ ಚೆನ್ನಾಗಿ ಬಂತು. ವರ್ಷದ ಮೇಲೆ ವರ್ಷ. ಗೆರೆಯ ಆಚೆಯ ಬಯಲುಗಳೂ ಹಸಿರಾದವು. ಭೂಮಿ ಬೇಕು ಅಂತ ಕಾಯುತ್ತಿದ್ದ ರೈತರಿಗೆ ಈ ಗೆರೆ ಒಬ್ಬ ಅಧಿಕಾರಿಯ ಮೊಂಡುತನದ ಹಾಗೆ ಕಂಡಿತು. ಪತ್ರಿಕೆಗಳಲ್ಲಿ, ಶಾಸನಸಭೆಯಲ್ಲಿ ಗೋಯ್ಡರ್ ನಗೆಪಾಟಲಾದ. 1874ರಲ್ಲಿ ಸರ್ಕಾರ ಆ ನಿರ್ಬಂಧವನ್ನ ತೆಗೆದುಹಾಕಿತು.

ಆ ಕಾಲದಲ್ಲಿ ಒಂದು ಸಿದ್ಧಾಂತವೂ ಕೈಗೆ ಸಿಕ್ಕಿತು. ಅಮೆರಿಕದ ಬಯಲುಸೀಮೆಯಲ್ಲೂ ಅದೇ ಮಾತು ಓಡಾಡ್ತಾ ಇತ್ತು: ನೇಗಿಲು ಹೋದಲ್ಲಿ ಮಳೆ ಹಿಂದೆಯೇ ಬರುತ್ತೆ. ಉತ್ತ ಮಣ್ಣು ನೀರು ಹೀರುತ್ತೆ, ಆ ತೇವ ಆವಿಯಾಗಿ ಮೇಲೆ ಹೋಗುತ್ತೆ, ಮತ್ತೆ ಮಳೆಯಾಗುತ್ತೆ ಅನ್ನೋ ತರ್ಕ. ಕೇಳೋಕೆ ಚೆನ್ನಾಗಿದೆ. ಇದನ್ನ ನಂಬಿದವರು ದಡ್ಡರೇನಲ್ಲ. ನಿಮ್ಮ ಕಣ್ಣೆದುರೇ ಐದಾರು ವರ್ಷ ಬೆಳೆ ಬಂದಿದ್ದರೆ, ಅಪ್ಪನ ಮನೆಯಲ್ಲಿ ಪಾಲು ಸಾಕಾಗದೆ ಹೊಸ ಭೂಮಿ ಹುಡುಕ್ತಾ ಇದ್ದರೆ, ಸರ್ಕಾರವೇ ಸಾಲ ಕೊಡ್ತೀನಿ ಅಂದರೆ, ನೀವೂ ನಾನೂ ಗಾಡಿ ಕಟ್ಟುತ್ತಿದ್ದೆವೋ ಏನೋ.

ಹೋದರು. ಹ್ಯಾಮಂಡ್, ಗಾರ್ಡನ್, ಕ್ರ್ಯಾಡಕ್, ಜಾನ್‌ಬರ್ಗ್ ಹೀಗೆ ಒಂದರ ಹಿಂದೆ ಒಂದು ಊರುಗಳ ನಕ್ಷೆ ತಯಾರಾಯಿತು. ಇದರಲ್ಲಿ ಮನಸ್ಸಿಗೆ ನಾಟೋ ಹೆಸರು ಫರೀನಾ. ಆ ಜಾಗಕ್ಕೆ ಮೊದಲು ಗವರ್ನ್‌ಮೆಂಟ್ ಗಮ್ಸ್ ಅಂತ ಹೆಸರಿತ್ತು. 1878ರಲ್ಲಿ ಊರಿನ ಸರ್ವೇ ಆಯಿತು. ಇಲ್ಲಿ ಗೋಧಿ ಬೆಳೆಯುತ್ತೆ ಅನ್ನೋ ಭರವಸೆಯ ಮೇಲೆ ಊರಿಗೆ ಫರೀನಾ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಫರೀನಾ ಅಂದರೆ ಹಿಟ್ಟು. ಬೆಳೆ ಬರುವ ಮೊದಲೇ ಊರಿಗೆ ಹಿಟ್ಟಿನ ಹೆಸರು. ಇದು ಗೋಯ್ಡರ್ ಗೆರೆಗಿಂತ ತುಂಬಾ ತುಂಬಾ ಉತ್ತರಕ್ಕೆ.

1880ರಲ್ಲಿ ಮಳೆ ಕೈಕೊಟ್ಟಿತು. 81ರಲ್ಲೂ. 82ರಲ್ಲೂ. ಬಿತ್ತಿದ ಬೀಜ ಕೂಡ ವಾಪಸ್ ಬರದ ಹೊಲಗಳು. ಉಪ್ಪುಗಿಡ ಕಿತ್ತು ಉತ್ತಿದ್ದ ನೆಲದ ಮೇಲ್ಮಣ್ಣು ಗಾಳಿಗೆ ಎದ್ದುಹೋಯಿತು. ಸಾಲ ಮಾತ್ರ ನಿಂತಿತ್ತು. ಕುಟುಂಬಗಳು ಒಂದೊಂದಾಗಿ ಗಾಡಿ ತಿರುಗಿಸಿದವು. ಇವತ್ತಿಗೂ ಆ ಸೀಮೆಯಲ್ಲಿ ಹೋದರೆ ಚಾವಣಿ ಇಲ್ಲದ ಕಲ್ಲಿನ ಮನೆಗಳು ಒಂಟಿಯಾಗಿ ನಿಂತಿರೋದು ಕಾಣುತ್ತೆ. ಪ್ರವಾಸಿಗರು ಫೋಟೋ ತೆಗೀತಾರೆ. ಆ ಗೋಡೆ ಕಟ್ಟಿದವರು ಅಲ್ಲಿ ಮೊಮ್ಮಕ್ಕಳನ್ನ ಆಡಿಸಬೇಕು ಅಂದುಕೊಂಡಿದ್ದವರು.

ಗೋಯ್ಡರ್ ಇದನ್ನೆಲ್ಲ ನೋಡಿದ. 1898ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಅವನ ಗೆರೆಯನ್ನ ನೋಡಿ ನಗೋರು ಕಡಿಮೆಯಾಗಿದ್ದರು.

ಇಲ್ಲಿ ನ್ಯಾಯವಾಗಿ ಒಂದು ಮಾತು. ಗೆರೆ ಒಂದು ಮಂತ್ರದ ಗಡಿಯಲ್ಲ. ಗೆರೆಯ ಉತ್ತರಕ್ಕೂ ಕೆಲವು ವರ್ಷ ಒಳ್ಳೇ ಬೆಳೆ ಬರುತ್ತೆ. ಆಮೇಲೆ ಗೊಬ್ಬರ, ಹೊಸ ತಳಿ, ಯಂತ್ರ ಬಂದಮೇಲೆ ಗಡಿಯ ಅಕ್ಕಪಕ್ಕದಲ್ಲಿ ವ್ಯವಸಾಯ ಮಾಡಿ ಉಳಿದವರೂ ಇದ್ದಾರೆ. ಗೋಯ್ಡರ್ ಹೇಳಿದ್ದು ಅಲ್ಲಿ ಮಳೆಯೇ ಬೀಳಲ್ಲ ಅಂತಲ್ಲ. ಅಲ್ಲಿ ಬಿದ್ದ ಮಳೆಯ ಮೇಲೆ ಸಾಲ ಮಾಡಬೇಡಿ ಅಂತ.

ಬೇಲಿ ಹಾಕಿ ಕಾಯೋದು

ರೈತರು ಹಿಂದೆ ಸರಿದ ಮೇಲೆ ಆ ನೆಲ ಮತ್ತೆ ಕುರಿಗಳ ಪಾಲಾಯಿತು. ಕುರಿಗಳಿಗೆ ಉಪ್ಪುಗಿಡ ಮೊದಲ ಆಯ್ಕೆ ಏನಲ್ಲ. ಹುಲ್ಲು ಇದ್ದಾಗ ಹುಲ್ಲು, ಹುಲ್ಲು ಮುಗಿದಾಗ ಉಪ್ಪುಗಿಡ. ಬರಗಾಲದ ಬುತ್ತಿ ಅನ್ನಬಹುದು. ಆದರೆ ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ಉಪ್ಪುಗಿಡ ತಿನ್ನುವ ಕುರಿಗೆ ನೀರು ಜಾಸ್ತಿ ಬೇಕು, ಹಾಗಾಗಿ ಅದು ನೀರಿನ ತೊಟ್ಟಿ ಬಿಟ್ಟು ದೂರ ಹೋಗಲ್ಲ. ತೊಟ್ಟಿಯ ಸುತ್ತ ಗಿಡಗಳು ಮೊದಲು ಸಾಯುತ್ತವೆ, ಆಮೇಲೆ ಆ ಬೋಳು ವರ್ತುಲ ಹರಡುತ್ತೆ. 1969ರಲ್ಲಿ ಆರ್.ಟಿ. ಲ್ಯಾಂಗ್ ಅನ್ನೋ ಸಸ್ಯವಿಜ್ಞಾನಿ ಈ ವರ್ತುಲಕ್ಕೆ 'ಪಯೋಸ್ಫಿಯರ್' ಅಂತ ಹೆಸರು ಕೊಟ್ಟರು. ಈಗ ಜಗತ್ತಿನ ಎಲ್ಲ ಒಣ ಹುಲ್ಲುಗಾವಲುಗಳ ಅಧ್ಯಯನದಲ್ಲಿ ಈ ಪದ ಬಳಕೆಯಲ್ಲಿದೆ.

ಬ್ಲಾಡರ್ ಸಾಲ್ಟ್‌ಬುಷ್‌ಗೆ ಒಂದು ದೌರ್ಬಲ್ಯ ಇದೆ. ಸ್ವಲ್ಪ ಮೇಯ್ದರೆ ತಡಕೊಳ್ಳುತ್ತೆ. ಎಲೆಗಳನ್ನ ಪೂರ್ತಿ ಬೋಳಿಸಿದರೆ ಸತ್ತೇಹೋಗುತ್ತೆ. ಗಿಡ ಸತ್ತರೆ ಅದರ ಬುಡದಲ್ಲಿ ನಿಂತಿದ್ದ ಮಣ್ಣು, ಒಣಗೆಲೆ, ಬೀಜ ಎಲ್ಲ ಗಾಳಿಪಾಲು. ಗಿಡಗಳ ನಡುವೆ ನೆಲವನ್ನ ಹಿಡಿದಿಡುವ ಕಲ್ಲುಹೂವಿನ ತೆಳು ಪದರ ಇರುತ್ತೆ, ಕುರಿಯ ಗೊರಸಿಗೆ ಅದೂ ಪುಡಿ. ಜೊತೆಗೆ ಮೊಲಗಳು. 1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋ ಜಮೀನ್ದಾರ ವಿಕ್ಟೋರಿಯಾದಲ್ಲಿ ಬೇಟೆಯ ಮೋಜಿಗೆ ಬಿಟ್ಟ ಕೆಲವೇ ಮೊಲಗಳ ಸಂತತಿ ದೇಶದ ಉದ್ದಗಲಕ್ಕೂ ಹರಡಿತ್ತು.

1925ರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರೊಫೆಸರ್ ಟಿ.ಜಿ.ಬಿ. ಆಸ್ಬಾರ್ನ್ ಒಂದು ಪ್ರಯೋಗ ಶುರುಮಾಡಿದರು. ಗೆರೆಯ ಉತ್ತರಕ್ಕಿರೋ ಕೂನಮೋರ್ ಅನ್ನೋ ಕುರಿ ಫಾರ್ಮ್‌ನಲ್ಲಿ, ಅತಿಯಾಗಿ ಮೇಯಿಸಿ ಹಾಳಾದ ಸುಮಾರು 390 ಹೆಕ್ಟೇರ್ ಜಾಗಕ್ಕೆ ಬೇಲಿ ಹಾಕಿಸಿದರು. ಒಳ್ಳೇ ಜಾಗ ಆರಿಸಲಿಲ್ಲ, ಕೆಟ್ಟುಹೋದ ಜಾಗವನ್ನೇ ಆರಿಸಿದರು. ಕುರಿ ಹೊರಗೆ. ಒಳಗೆ ಗುರುತು ಮಾಡಿದ ಚೌಕಗಳು, ಅದೇ ಜಾಗದಿಂದ ಮತ್ತೆ ಮತ್ತೆ ತೆಗೆಯುವ ಫೋಟೋಗಳು. ಅಷ್ಟೇ. ಆಮೇಲೆ ಕಾಯೋದು. ಆಗ ಹೇಳಿದೆನಲ್ಲ, ಸೋಡಿಯಂ ಪ್ರಯೋಗದ ಜೆ.ಜಿ. ವುಡ್, ಅವರೂ ಆಸ್ಬಾರ್ನ್ ಜೊತೆ ಇಲ್ಲಿ ಕೆಲಸ ಮಾಡಿದವರು.

ಉಪ್ಪುಗಿಡ ನಿಧಾನವಾಗಿ ವಾಪಸ್ ಬಂತು. ತಿಂಗಳಲ್ಲಿ ಅಲ್ಲ, ವರ್ಷಗಳು ಕಳೆದಮೇಲೆ. ಮರಗಳ ಹೊಸ ಸಸಿಗಳು ಮಾತ್ರ ಏಳಲಿಲ್ಲ. ಬೇಲಿ ಕುರಿಯನ್ನ ತಡೆದಿತ್ತು, ಮೊಲವನ್ನ ತಡೆದಿರಲಿಲ್ಲ. 1970ರ ದಶಕದಲ್ಲಿ ಮೊಲಗಳನ್ನ ಸರಿಯಾಗಿ ಹತೋಟಿಗೆ ತಂದಮೇಲೆ ಸಸಿಗಳು ತಲೆ ಎತ್ತಿದವು. ಅಂದರೆ ನೆಲ ಯಾಕೆ ಚೇತರಿಸಿಕೊಳ್ತಾ ಇಲ್ಲ ಅನ್ನೋ ಪ್ರಶ್ನೆಗೆ ಪೂರ್ತಿ ಉತ್ತರ ಸಿಗೋಕೆ ಸುಮಾರು ಅರ್ಧ ಶತಮಾನ ಬೇಕಾಯಿತು. ಶುರುಮಾಡಿದ ಆಸ್ಬಾರ್ನ್ 1927ರಲ್ಲೇ ಅಡಿಲೇಡ್ ಬಿಟ್ಟು ಹೋಗಿದ್ದರು. ಅವರ ನಂತರದವರು, ವಿದ್ಯಾರ್ಥಿಗಳು, ಸ್ವಯಂಸೇವಕರು ಅದೇ ಚೌಕಗಳ ಮುಂದೆ ಮಂಡಿಯೂರಿ ಗಿಡ ಎಣಿಸುತ್ತಾ ಬಂದರು. ಇಂಥ ಅಧ್ಯಯನಗಳಲ್ಲಿ ಜಗತ್ತಿನಲ್ಲೇ ಅತಿ ದೀರ್ಘಕಾಲ ನಡೆದವುಗಳಲ್ಲಿ ಇದೂ ಒಂದು.

ಈಗ?

ಉಪ್ಪುಗಿಡದ ಅದೃಷ್ಟ ಈಗ ಸ್ವಲ್ಪ ಬದಲಾಗಿದೆ. ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಆಳ ಬೇರಿನ ಕಾಡು ಕಡಿದು ಬಿತ್ತಿದ್ದರಿಂದ ಅಂತರ್ಜಲ ಮೇಲೆ ಬಂದು, ಜೊತೆಗೆ ಉಪ್ಪನ್ನೂ ತಂದು, ಎಷ್ಟೋ ಹೊಲಗಳು ಸವಳಾಗಿವೆ. ಅಲ್ಲಿ ಈಗ ರೈತರು ಮೂರು ಮೀಟರ್ ಎತ್ತರದವರೆಗೂ ಬೆಳೆಯುವ 'ಓಲ್ಡ್ ಮ್ಯಾನ್ ಸಾಲ್ಟ್‌ಬುಷ್' ಅನ್ನೋ ಜಾತಿಯನ್ನ ಸಾಲಾಗಿ ನೆಡ್ತಾರೆ. ಬೇಸಿಗೆಯ ಕೊನೆಯಲ್ಲಿ ಮೇವು ಖಾಲಿಯಾದಾಗ ಕುರಿಗಳಿಗೆ ಅದೇ ಹಸಿರು. ಅದೊಂದನ್ನೇ ತಿಂದು ಕುರಿ ದಷ್ಟಪುಷ್ಟ ಆಗಲ್ಲ, ಉಪ್ಪು ಜಾಸ್ತಿ, ಶಕ್ತಿ ಕಡಿಮೆ. ಒಣಹುಲ್ಲಿನ ಜೊತೆ ಕೊಟ್ಟರೆ ಕೆಲಸ ಮಾಡುತ್ತೆ. ಒಂದು ಕಾಲದಲ್ಲಿ ಕಿತ್ತೆಸೆದ ಗಿಡವನ್ನ ಈಗ ನರ್ಸರಿಯಿಂದ ಕೊಂಡು ತರ್ತಾರೆ.

ಗೋಯ್ಡರ್ ಗೆರೆ ಮತ್ತೆ ಚರ್ಚೆಗೆ ಬಂದಿದೆ. ಹವಾಮಾನ ಬಿಸಿಯಾಗ್ತಾ ಹೋದ ಹಾಗೆ ಈ ಗೆರೆ ದಕ್ಷಿಣಕ್ಕೆ ಸರಿಯಬಹುದು ಅಂತ ವಿಜ್ಞಾನಿಗಳು ಹೇಳ್ತಾ ಇದ್ದಾರೆ. ಅಂದರೆ ಇವತ್ತು ಗೆರೆಯ ಸುರಕ್ಷಿತ ಬದಿಯಲ್ಲಿದ್ದೀವಿ ಅಂದುಕೊಂಡ ರೈತರು ನಾಳೆ ಆಚೆ ಬದಿಯಲ್ಲಿರಬಹುದು. ಕೂನಮೋರ್‌ನ ಹಳೇ ಫೋಟೋಗಳು, ಚೌಕಗಳ ಎಣಿಕೆ ಇದಕ್ಕೇ ಬೆಲೆಬಾಳೋದು. ಐದು ಒಳ್ಳೇ ವರ್ಷ ನೋಡಿ ಸಂಭ್ರಮಿಸೋದು, ಮೂರು ಕೆಟ್ಟ ವರ್ಷ ನೋಡಿ ಕುಸಿಯೋದು ನಮಗೆ ಸುಲಭ. ನಮ್ಮ ನೆನಪು ಅಷ್ಟೇ ಉದ್ದ. ಸಾಲ ಕೊಡೋ ಮೊದಲು, ಊರಿಗೆ ಹೆಸರಿಡೋ ಮೊದಲು ಅದಕ್ಕಿಂತ ಉದ್ದದ ನೆನಪು ಯಾರ ಹತ್ತಿರ ಇದೆ ಅಂತ ಕೇಳೋದು ಒಳ್ಳೇದು. 1874ರಲ್ಲಿ ಅದು ನೆಲದ ಜನರ ಹತ್ತಿರ ಇತ್ತು, ಒಂದು ಬೂದು ಬಣ್ಣದ ಗಿಡದ ಹತ್ತಿರ ಇತ್ತು.

ಹಾಂ, ಫರೀನಾ ಏನಾಯಿತು ಅಂತ ಹೇಳಲೇ ಇಲ್ಲ. 1882ರಲ್ಲಿ ರೈಲು ಬಂದಿದ್ದರಿಂದ ಕೆಲವು ಕಾಲ ಊರು ಉಸಿರಾಡಿತು, ಆಮೇಲೆ ಖಾಲಿಯಾಯಿತು. ಈಗ ಸ್ವಯಂಸೇವಕರ ಒಂದು ಗುಂಪು ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಗೋಡೆಗಳನ್ನ ದುರಸ್ತಿ ಮಾಡುತ್ತೆ. ಅಲ್ಲಿ ನೆಲದಡಿಯಲ್ಲಿ ಒಂದು ಹಳೇ ಬೇಕರಿ ಇದೆ. ಅದರ ಒಲೆ ಹಚ್ಚಿ ಬ್ರೆಡ್ ಸುಟ್ಟು ಬಂದವರಿಗೆ ಮಾರ್ತಾರೆ. ಹಿಟ್ಟು ಮಾತ್ರ ಹೊರಗಿನಿಂದ ಬರಬೇಕು.

ಇವತ್ತಿಗೆ ಇಷ್ಟು. ನಿಮ್ಮ ಊರಲ್ಲಿ ಮಳೆ, ಮಣ್ಣಿನ ಬಗ್ಗೆ ಹಿರಿಯರು ಯಾವ ಗಿಡ ನೋಡಿ ಹೇಳ್ತಾರೆ ಅಂತ ಕೇಳಿ, ನಮಗೂ ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.